ಬಾಗಿಲ ಪಕ್ಕದ ಕಪಾಟು

ಜಿಲ್ಲಾ ಕಚೇರಿಯ ಅಧಿಕಾರಿ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. ಕಳಸದಿಂದ ಸಂಸೆಗೆ ಹೋಗುವ ರಸ್ತೆಯ ಬದಿಯಲ್ಲಿರುವ ಒಂಟಿ ಕೋಣೆಯ ಗ್ರಂಥಾಲಯವನ್ನು ಮುಚ್ಚಿ, ಪುಸ್ತಕಗಳನ್ನು ತಾಲ್ಲೂಕು ಗ್ರಂಥಾಲಯಕ್ಕೆ ಸೇರಿಸುವ ಪ್ರಸ್ತಾವ ಅವರ ಮೇಜಿನ ಮೇಲಿತ್ತು. ಅಲ್ಲಿ ಪುಸ್ತಕ ಜೋಡಿಸಿರುವ ಕ್ರಮ ಅಲ್ಲಿಯ ಮೇಲ್ವಿಚಾರಕಿಯನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಕಾರಣ. ಆ ಕ್ರಮಕ್ಕೆ ನಿಯಮ ಅಂತ ಒಂದಿದ್ದರೆ ನಾನು ಹೋಗಿ ಬರೆದುಕೊಡಬೇಕು.

“ಹೊಸ ಪುಸ್ತಕ ಬಂದರೆ ಎಲ್ಲಿಡಬೇಕು ಅಂತ ಯಾರನ್ನೂ ಕೇಳೋ ಹಾಗಿರಬಾರದು ಮೇಡಂ. ನಿಮ್ಮ ಪುಸ್ತಿಕೆ ಓದಿದರೆ ಗೊತ್ತಾಗಬೇಕು. ನಾನೇ ಬಂದು ಪರೀಕ್ಷೆ ಮಾಡ್ತೇನೆ. ಆಗಲಿಲ್ಲ ಅಂದ್ರೆ ನವೆಂಬರ್ ಕೊನೆಗೆ ಲಾರಿ ಕಳಿಸ್ತೇನೆ.”

“ಎಲ್ಲವನ್ನೂ ದಶಮಾಂಶ ಪದ್ಧತಿಗೆ ಬದಲಾಯಿಸಿಕೊಟ್ಟರೆ?”

“ಆಗ ತಾಲ್ಲೂಕಿಗೂ ಅದಕ್ಕೂ ವ್ಯತ್ಯಾಸ ಏನು ಉಳೀತು? ಸೇರಿಸಿಬಿಡೋದೇ ಸುಲಭ.”

ನನಗೆ ಐದು ವಾರ ಸಿಕ್ಕಿತು. ಮೂವತ್ತು ವರ್ಷ ಚಿಕ್ಕಮಗಳೂರಿನ ಕಾಲೇಜೊಂದರ ಗ್ರಂಥಾಲಯದಲ್ಲಿ, ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಡುವ ದಶಮಾಂಶ ಪದ್ಧತಿಯನ್ನೇ ನೆಚ್ಚಿಕೊಂಡು ಕೆಲಸ ಮಾಡಿದವಳನ್ನು, ಅದನ್ನು ಜೀವನವಿಡೀ ಬೈದ ಮನುಷ್ಯನ ಗ್ರಂಥಾಲಯ ಉಳಿಸಲು ಕಳಿಸುತ್ತಿದ್ದಾರೆ ಎಂದು ಆ ಅಧಿಕಾರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಆ ಮನುಷ್ಯನನ್ನು ಎಲ್ಲರೂ ರೈಟರ್ ಎಂದೇ ಕರೆಯುತ್ತಿದ್ದರು. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ಕೆಲಸದಿಂದ ಶುರು ಮಾಡಿದವರು. ಹಾಜರಿ ಕೊಡಲು ಬಂದವರು ಕಾಗದ ಓದಿಸಿಕೊಳ್ಳುವುದು, ಔಷಧಿ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಕೇಳುವುದು ನಡೆಯುತ್ತಿತ್ತು. ಕೇಳಿದ್ದಕ್ಕೆ ಉತ್ತರ ಹೇಳಲೆಂದು ಅವರು ಪುಸ್ತಕ ಕೂಡಿಸತೊಡಗಿದರು; ಆಮೇಲೆ ಉತ್ತರ ಹೇಳುವುದು ಬಿಟ್ಟು ಪುಸ್ತಕವನ್ನೇ ಕೈಗೆ ಕೊಡತೊಡಗಿದರು; ಆಮೇಲೆ ಓದಲು ಬಾರದವರಿಗೆ ಅಕ್ಷರ ಕಲಿಸಿದರು. ಗ್ರಂಥಾಲಯದ ತರಬೇತಿಗೆ ಹೋಗಿ ದಶಮಾಂಶ ಪದ್ಧತಿ ಕಲಿತು ಬಂದು, ಮೂರೇ ತಿಂಗಳಿಗೆ ಅದನ್ನು ಕೈಬಿಟ್ಟು ತಮ್ಮದೇ ಒಂದು ಕ್ರಮ ಕಟ್ಟಿದರು.

ನಾನು ಅವರನ್ನು ಕಂಡದ್ದು ಒಂದೇ ಸಲ, ನನ್ನ ಮೊದಲ ತರಬೇತಿ ಶಿಬಿರದಲ್ಲಿ. ಅವರು ವೇದಿಕೆಯ ಮೇಲೆ ನಿಂತು, ಕಾಫಿ ಬೆಳೆಯುವುದು 633ರಲ್ಲಿ, ಕಾಫಿ ಸಂಸ್ಕರಿಸುವುದು 663ರಲ್ಲಿ, ಕಾಫಿ ಮಾರುವುದು 338ರಲ್ಲಿ, ಒಂದೇ ಗಿಡವನ್ನು ಮೂರು ಕೋಣೆಯಲ್ಲಿ ಕೂಡಿಹಾಕಿದ್ದೀರಿ ಎಂದು ನಮ್ಮನ್ನೆಲ್ಲ ತರಾಟೆಗೆ ತೆಗೆದುಕೊಂಡರು. ನಾನು ಎದ್ದು ನಿಂತು, ಗ್ರಂಥಾಲಯ ಒಂದು ಬೆಳೆಗಾಗಿ ನಡೆಯುವುದಲ್ಲ ಎಂದೆ. ಚಪ್ಪಾಳೆ ಬಿತ್ತು. ಅವರು ಕೇಳಿದರು: “ಮೆಣಸಿನ ಬಳ್ಳಿ ಸೊರಗ್ತಾ ಉಂಟು ಅಂತ ಒಬ್ಬ ಬಂದ. ಎಲ್ಲಿಗೆ ಕಳಿಸ್ತೀರಿ?” ನಾನು ತಡವರಿಸದೆ ಸಂಖ್ಯೆ ಹೇಳಿದೆ. “ಸಂಖ್ಯೆ ಸರಿ ಅಮ್ಮ,” ಎಂದು ಅವರು ಕೂತುಬಿಟ್ಟರು. ಸರಿ ಎಂದ ಮೇಲೆ ಸೋತದ್ದು ಅವರೇ ಎಂದು ನಾನು ಬಹಳ ವರ್ಷ ನಂಬಿದ್ದೆ.

ಊರಿನವರು ಬಳಸುವ ವಸ್ತುವಿನ ಹೆಸರಿನಲ್ಲಿ ಪುಸ್ತಕ ಜೋಡಿಸುವುದು ಇವತ್ತು ಹಳ್ಳಿಯ ಗ್ರಂಥಾಲಯಗಳಲ್ಲಿ ಹೊಸದಲ್ಲ. ಅವರು ಅದನ್ನು ಮಾಡಿದಾಗ ನಮಗೆಲ್ಲ ತಮಾಷೆಯಾಗಿತ್ತು. ತೀರಿಕೊಳ್ಳುವ ತನಕ ಅದನ್ನು ತಿದ್ದುತ್ತಲೇ ಇದ್ದರಂತೆ. ಆದರೆ ನಿಯಮವನ್ನು ಎಲ್ಲಿಯೂ ಬರೆದಿಡಲಿಲ್ಲ. ಹಾಜರಿ ಬರೆದು ಬದುಕಿದ ಮನುಷ್ಯ ಮುಖ್ಯವಾದದ್ದನ್ನೇ ಬರೆಯಲಿಲ್ಲ ಎಂಬುದು ನನ್ನ ಮೊದಲ ಸಿಟ್ಟು.

ಅಕ್ಟೋಬರ್ ಕೊನೆಯಲ್ಲಿ ಬೆಳಗಿನ ಮೊದಲ ಬಸ್ಸಿಗೆ ಹೊರಟು, ಮೂಡಿಗೆರೆ ದಾಟಿ, ಕಳಸದಲ್ಲಿ ಇಳಿದು, ಜೀಪು ಹಿಡಿದು ಹೋದೆ. ಮೇಲ್ವಿಚಾರಕಿ ಬಾಗಿಲಲ್ಲೇ ಕಾದಿದ್ದಳು. ನಲವತ್ತರ ಆಸುಪಾಸಿನವಳು, ರಸ್ತೆಯ ಆಚೆ ಬದಿಯಲ್ಲಿ ಜೀಪು ರಿಪೇರಿ ಮಾಡುವ ಸಾಬರ ಮಗಳು, ಹನ್ನೆರಡು ವರ್ಷದಿಂದ ಆ ಕೋಣೆಯ ಬೀಗದ ಕೈ ಅವಳದು.

“ಲಾರಿ ಬರೋದು ನಿಜವಾ ಮೇಡಂ?” ಎಂಬುದೇ ಅವಳ ಮೊದಲ ಮಾತು. “ಇಲ್ಲಿಂದ ಹೋದ ಪುಸ್ತಕ ನೋಡೋಕೆ ಈ ಎಸ್ಟೇಟ್ ಲೈನ್‌ಮನೆ ಆಳುಗಳು ಬಸ್ ಹತ್ತಿ ಹೋಗ್ತಾರಾ? ನೀವೇ ಹೇಳಿ.”

“ಮೊದಲು ಒಳಗೆ ತೋರಿಸು,” ಎಂದೆ.

ಒಳಗೆ ಕಾಲಿಟ್ಟರೆ ಬೂಸಲು ವಾಸನೆ. ಮಳೆಗಾಲದಲ್ಲಿ ಮಾಡು ಸೋರಿ, ಪುಸ್ತಕಗಳೆಲ್ಲ ಉಬ್ಬಿದ್ದವು. ಬೆನ್ನಿಗೆ ಮೈದಾ ಅಂಟಿನಿಂದ ಹಚ್ಚಿದ್ದ ಚೀಟಿಗಳನ್ನು ಹುಳು ತಿಂದಿತ್ತು. ಉಳಿದವು ನೆಲದ ಮೇಲಿದ್ದವು. ಸೂಚಿಯ ಚೀಟಿಗಳಿಗೆ ಮೂರು ಡ್ರಾಯರ್. ಎರಡರಲ್ಲಿ ಚೀಟಿಗಳಿದ್ದವು, ಮದುವೆ ಕರೆಯೋಲೆಗಳ ಹಿಂಬದಿಯನ್ನು ಒಂದೇ ಅಳತೆಗೆ ಕತ್ತರಿಸಿದ್ದು. ಮೂರನೆಯದರಲ್ಲಿ ಗೆದ್ದಲಿನ ಮಣ್ಣು. ಅಂದರೆ ಪುಸ್ತಕಗಳು ಕಪಾಟಿನಲ್ಲಿ ನಿಂತಿದ್ದ ಸಾಲೇ ರೈಟರ ಕ್ರಮದ ಉಳಿದಿದ್ದ ಏಕೈಕ ಪೂರ್ತಿ ದಾಖಲೆ.

ಒಣಗಿಸದೆ ಕೆಲಸ ಶುರು ಮಾಡುವಂತಿರಲಿಲ್ಲ. ಪಕ್ಕದ ಎಸ್ಟೇಟಿನವರು ಕಾಫಿ ಒಣಗಿಸುವ ಸಿಮೆಂಟಿನ ಕಣವನ್ನು ಬಿಟ್ಟುಕೊಟ್ಟರು. ಹಣ್ಣು ಕೊಯ್ಯಲು ಇನ್ನೂ ಎರಡು ವಾರವಿತ್ತು. ನಾನು ಕಣದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಕಪಾಟಿನ ಸಂಖ್ಯೆ, ಅದರೊಳಗಿನ ಅಟ್ಟದ ಸಂಖ್ಯೆ ಬರೆದು, ಸಾಲು ತಪ್ಪದಂತೆ ಪುಸ್ತಕ ಹರಡಿಸಿದೆ. ಮೇಲ್ವಿಚಾರಕಿ ಮೊಬೈಲ್ ತೆಗೆದಳು. “ಒಂದು ಫೋಟೋ ಹೊಡೆದಿಡ್ಲಾ ಮೇಡಂ?”

“ಫೋಟೋ ಪಟ್ಟಿಯಲ್ಲ. ಒಣಗಿದ ಮೇಲೆ ಸಾಲಿನ ಪ್ರಕಾರ ಪಟ್ಟಿ ಬರೆಯೋಣ. ಕ್ರಮವಾಗಿ.”

ನನ್ನ ಮಾತನ್ನು ನಾನೇ ಇಲ್ಲಿ ಬರೆಯಬೇಕಾಗಿದೆ, ಬರೆದಿದ್ದೇನೆ.

ಮರುದಿನ ಚಿಕ್ಕಮಗಳೂರಿನಲ್ಲಿ ಕಣ್ಣಿನ ಡಾಕ್ಟರನ್ನು ಕಾಣಬೇಕಿತ್ತು; ಮೊದಲೇ ಗೊತ್ತುಮಾಡಿದ ಸಮಯ ತಪ್ಪಿಸುವ ಅಭ್ಯಾಸ ನನಗಿಲ್ಲ. ಕಣದ ಮೇಸ್ತ್ರಿಗೆ ಹೇಳಿ ಹೋದೆ: ಯಾವ ಪುಸ್ತಕವೂ ತನ್ನ ಗೆರೆ ದಾಟಬಾರದು. “ನೀವು ಹೋಗಿ ಬನ್ನಿ ಮೇಡಂ, ಕಣ ನೋಡ್ಕೊಳ್ಳೋದು ನಮಗೆ ಹೇಳಿಕೊಡ್ಬೇಕಾ?” ಎಂದರು. ಅರವತ್ತು ದಾಟಿದ, ತೆಳ್ಳಗಿನ, ಮಾತಿಗೆ ಮುಂಚೆ ನಗುವ ಮನುಷ್ಯ. ಆ ನಗು ನೋಡಿಯೇ ನಾನು ಎಚ್ಚರಗೊಳ್ಳಬೇಕಿತ್ತು.

ಮೂರನೆಯ ದಿನ ವಾಪಸು ಬಂದರೆ ಕಣ ಖಾಲಿ. ಸೀಮೆಸುಣ್ಣದ ಗೆರೆ ಒಂದೂ ಇಲ್ಲ. ಮೇಸ್ತ್ರಿ ಸಂಭ್ರಮದಿಂದ ಗೋದಾಮಿಗೆ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಗೋಣಿಚೀಲಗಳು, ಬಾಯಿ ಹೊಲಿದು ನಿಲ್ಲಿಸಿದ್ದವು. ಮೇಲೆ ಬಣ್ಣದಲ್ಲಿ ಎ, ಬಿ, ಸಿ.

“ಅಕಾಲ ಮಳೆ ಮೇಡಂ. ಒಂದು ಹನಿ ಬೀಳೋಕೆ ಬಿಡಲಿಲ್ಲ ನೋಡಿ. ಹತ್ತು ನಿಮಿಷದಲ್ಲಿ ರಾಶಿ ಎಳೆದು ಟಾರ್ಪಾಲ್ ಹಾಕಿದ್ವಿ. ಮಾರನೇ ದಿನ ಒಳ್ಳೆ ಬಿಸಿಲು. ಹರಡಿ, ಗಂಟೆಗೊಂದ್ಸಲ ತಿರುವಿ—”

“ತಿರುವಿದಿರಾ? ಯಾವುದರಲ್ಲಿ?”

“ಕೈಯಲ್ಲೇ ಮೇಡಂ! ಕಾಫಿ ಎಳೆಯೋ ಹಲಗೆ ಹಾಕ್ತೀವಾ ಪುಸ್ತಕಕ್ಕೆ? ಅಷ್ಟು ದಡ್ಡರಾ ನಾವು?”

“ಈ ಎ, ಬಿ, ಸಿ ಎಂತದ್ದು?”

“ಗ್ರೇಡು. ದೊಡ್ಡದು, ಮಧ್ಯದ್ದು, ಸಣ್ಣದು. ಹರಿದಿದ್ದು ಬೇರೆ ಚೀಲ, ಬಿಟ್ಸ್ ಅಂತ ಬರ್ದಿದೆ. ಆ ಮೂಲೇದು ಪಿ.ಬಿ.”

ಕಾಫಿ ಹಣ್ಣಿನೊಳಗೆ ಎರಡು ಬೀಜ ಇರಬೇಕು. ಒಂದೇ ಬೀಜ ಇದ್ದರೆ ಅದನ್ನು ಬೇರೆ ಮಾಡಿ ಪಿ.ಬಿ. ಎನ್ನುತ್ತಾರೆ. ನಾನು ಆ ಚೀಲ ಬಿಚ್ಚಿಸಿದೆ. ಒಳಗೆ ಎರಡನೆಯ ಭಾಗವಿದ್ದು ಮೊದಲ ಭಾಗವಿಲ್ಲದ ಪುಸ್ತಕಗಳು, ಮೊದಲನೆಯದಿದ್ದು ಎರಡನೆಯದಿಲ್ಲದವು.

“ಜೋಡಿ ಇಲ್ಲದ್ದು ಮೇಡಂ,” ಎಂದರು ಮೇಸ್ತ್ರಿ. “ಒಂಟಿ ಬೀಜ.”

ಐವತ್ತು ವರ್ಷದ ಕೆಲಸದಲ್ಲಿ ರೈಟರೇ ಮಾಡದ ಒಂದು ಉಪಯುಕ್ತ ಪಟ್ಟಿಯನ್ನು ಈ ಮನುಷ್ಯ ಎರಡು ದಿನದಲ್ಲಿ ಮಾಡಿದ್ದರು. ಅದಕ್ಕಾಗಿ ಹೊಗಳುವ ಸ್ಥಿತಿಯಲ್ಲಿ ನಾನಿರಲಿಲ್ಲ. “ನಾನು ಹಾಕಿದ್ದ ಸಾಲು ಎಲ್ಲಿ?” ಎಂದು ಕೇಳಿದೆ. ದನಿ ಏರಿತ್ತು.

“ಸಾಲಾ? ಅದು ಕಪಾಟಿನ ಲೆಕ್ಕ ಅಲ್ವಾ ಮೇಡಂ. ಕಣದಲ್ಲಿ ಕಣದ ಲೆಕ್ಕ.” ಅವರಿಗೆ ನಿಜವಾಗಿಯೂ ನನ್ನ ಸಿಟ್ಟು ಅರ್ಥವಾಗಿರಲಿಲ್ಲ. “ಹೊಗೆಗೆ ಹಾಕಿದ ಹಾಗೆ ಒಣಗಿದೆ. ಮುಟ್ಟಿ ನೋಡಿ ಮಾರಾಯ್ರೆ.”

ಮುಟ್ಟಿ ನೋಡಿದೆ. ಚೆನ್ನಾಗಿಯೇ ಒಣಗಿದ್ದವು.

ಮೇಲ್ವಿಚಾರಕಿ ಮೊಬೈಲ್ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಅವತ್ತು ಸಂಜೆ ದಶಮಾಂಶದ ದಪ್ಪ ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಅದನ್ನು ಹಿಡಿದು ಕೂತರೆ ಎರಡು ವಾರದಲ್ಲಿ ಎಲ್ಲ ಮುಗಿಯುತ್ತಿತ್ತು. ಕಣ್ಣು ಮುಚ್ಚಿ ಮಾಡುವ ಕೆಲಸ. ಮೇಲ್ವಿಚಾರಕಿ ಪುಸ್ತಕ ನೋಡಿ, ನನ್ನ ಮುಖ ನೋಡಿ, “ಅಂದ್ರೆ ಲಾರಿನೇ,” ಎಂದಳು. ಪ್ರಶ್ನೆಯಾಗಿರಲಿಲ್ಲ.

ನನಗೆ ರೈಟರ ಮೇಲೆ ಪ್ರೀತಿ ಉಕ್ಕಲಿಲ್ಲ. ಆದರೆ ನಾನು ಕೆಲಸ ಕಲಿತ ಕಡೆ ಒಂದು ಕಟ್ಟಳೆಯಿತ್ತು: ಕೈಗೆ ಬಂದಾಗ ಯಾವ ಸಾಲಿನಲ್ಲಿತ್ತೋ ಆ ಸಾಲಿನಲ್ಲಿ ಹಿಂದಿರುಗಿಸಬೇಕು, ಬದಲಾಯಿಸುವುದಿದ್ದರೆ ಆಮೇಲೆ ಬದಲಾಯಿಸಬೇಕು. ಆ ಪುಸ್ತಕಗಳು ಸಾಲು ಕಳೆದುಕೊಂಡದ್ದು ನನ್ನ ಉಸ್ತುವಾರಿಯಲ್ಲಿ. ದಪ್ಪ ಪುಸ್ತಕವನ್ನು ವಾಪಸು ಚೀಲಕ್ಕೆ ಹಾಕಿ, ನಾಳೆ ಎಂಟಕ್ಕೆ ಸರಿಯಾಗಿ ಬಾ ಎಂದೆ. ಎಂಟೂ ಹತ್ತಕ್ಕೆ ಬಂದಳು. ಅದನ್ನೂ ಹೇಳಿದೆ.

ಚೀಟಿಗಳಿಂದ ಶುರು ಮಾಡಿದೆವು. ಪ್ರತಿ ಚೀಟಿಯಲ್ಲಿ ಪುಸ್ತಕದ ಹೆಸರು, ಕೆಳಗೆ ಮೂರು ಪದ, ರೈಟರ ದುಂಡು ಅಕ್ಷರದಲ್ಲಿ. ಮೆಣಸು, ಸೊರಗು, ಮಳೆ. ಕಾಫಿ, ಕೊರಕ ಹುಳು, ಕೊಯ್ಲು. ದನ, ಕರು ಹಾಕುವುದು, ಬೇಸಿಗೆ. ಮೊದಲನೆಯದು ಯಾವ ವಸ್ತು, ಎರಡನೆಯದು ಅದಕ್ಕೆ ಏನಾಗಿದೆ, ಮೂರನೆಯದು ಯಾವ ಕಾಲ. ಕಾಲ ಮೂರೇ: ಮಳೆ, ಕೊಯ್ಲು, ಬೇಸಿಗೆ. ಬೇರೆ ಊರಿನವರು ನಗಬಹುದು, ಆದರೆ ಕೆಲಸ ನಡೆಯುತ್ತಿತ್ತು. ಕಥೆ, ಪುರಾಣ, ಪ್ರವಾಸಕ್ಕೂ ಹಾಗೆಯೇ ಮೂರು ಪದ. ಕಾಫಿ ಬಾಬಾಬುಡನ್‌ಗಿರಿಗೆ ಬಂದ ಕಥೆಯ ಒಂದು ಚಿಕ್ಕ ಪುಸ್ತಕದ ಎರಡು ಪ್ರತಿಗಳಿದ್ದವು. ಒಂದರ ಚೀಟಿ ಕಾಫಿಯಲ್ಲಿ, ಇನ್ನೊಂದರದು ಯಾತ್ರೆಯಲ್ಲಿ. ನಾನು ಒಂದನ್ನು ತಪ್ಪು ಎಂದು ಪಕ್ಕಕ್ಕಿಟ್ಟೆ.

“ತಪ್ಪಲ್ಲ ಮೇಡಂ,” ಎಂದಳು ಮೇಲ್ವಿಚಾರಕಿ. “ಗಿರಿಗೆ ಹೋಗೋರು ಕಾಫಿ ಕಪಾಟಿಗೆ ಬರಲ್ಲ.”

“ಒಂದು ಪುಸ್ತಕಕ್ಕೆ ಒಂದು ಜಾಗ. ಇದು ಎಲ್ಲಿಯೂ ಇರುವ ನಿಯಮ.”

“ಎರಡು ಪುಸ್ತಕ ಉಂಟಲ್ಲ?”

ನಾನು ಎರಡನ್ನೂ ಇದ್ದಲ್ಲೇ ಇಟ್ಟೆ.

ಎರಡು ಡ್ರಾಯರಿನ ಚೀಟಿಗಳಿಗೆ ಪುಸ್ತಕ ಹೊಂದಿಸುವುದರಲ್ಲಿ ಒಂದು ವಾರ ಹೋಯಿತು. ಚೀಟಿಗಳೂ ಕೊಳಕಾಗಿದ್ದವು, ಹಲವುಗಳ ಮೇಲೆ ಮೊದಲ ಪದದ ಮುಂದೆ ನೊಣ ಕೂತು ಹೋದಂಥ ಕಪ್ಪು ಚುಕ್ಕೆ. ನಾನು ಬ್ಲೇಡಿನ ತುದಿಯಿಂದ ಕೆರೆದು ಸ್ವಚ್ಛ ಮಾಡುತ್ತ ಹೋದೆ. ಆಮೇಲೆ ನಿಯಮದ ಮೊದಲ ಕರಡು ಬರೆದೆ, ನಾಲ್ಕು ಪುಟ. ಸರಿಯಾಗಿದೆಯೇ ಎಂದು ನೋಡಲು ಒಂದು ಪರೀಕ್ಷೆ ಇಟ್ಟೆ. ಚೀಟಿ ಮುಚ್ಚಿಟ್ಟು, ನನ್ನ ಕರಡು ಓದಿಕೊಂಡು, ಮೇಲ್ವಿಚಾರಕಿ ಒಂದು ಕಡೆ, ನಾನು ಇನ್ನೊಂದು ಕಡೆ ಕೂತು ಪುಸ್ತಕಕ್ಕೆ ಮೂರು ಪದ ಬರೆಯಬೇಕು. ಆಮೇಲೆ ರೈಟರ ಚೀಟಿ ತೆಗೆದು ಹೋಲಿಸಬೇಕು.

ಬಹಳಷ್ಟು ಹೊಂದಿದವು. ಪ್ರತಿ ಹತ್ತಕ್ಕೆ ಒಂದೆರಡು ಮಾತ್ರ ತಲೆಕೆಳಗಾಗಿ ಬರುತ್ತಿದ್ದವು. ಹಾವಿನ ಪುಸ್ತಕಕ್ಕೆ ನಾವಿಬ್ಬರೂ ಹಾವು, ಕಡಿತ, ಕೊಯ್ಲು ಎಂದು ಬರೆದರೆ ರೈಟರು ಕೊಯ್ಲು, ಹಾವು, ಕಡಿತ ಎಂದಿದ್ದರು. ಕಾಲ ಎಲ್ಲಕ್ಕಿಂತ ಮೊದಲು. ಅಣಬೆಯದೂ ಹಾಗೆ. ಬೆಂಕಿ ಹಿಡಿದ ಗುಡ್ಡದ್ದೂ ಹಾಗೆ. ಆದರೆ ಹಾವುಗಳ ಬಣ್ಣದ ಚಿತ್ರವಿರುವ ಇನ್ನೊಂದು ಪುಸ್ತಕಕ್ಕೆ ನೇರವಾಗಿ ಹಾವು, ಜಾತಿ, ಎಲ್ಲ ಕಾಲ. ಇದು ಯಾವ ನ್ಯಾಯ?

ಕರಡಿನ ಕೊನೆಗೆ ಅಪವಾದಗಳು ಎಂದು ಒಂದು ಪುಟ ಸೇರಿಸಿದೆ. ಅದು ಎರಡಾಯಿತು, ಮೂರಾಯಿತು, ಐದಾಯಿತು. ನಿಯಮ ನಾಲ್ಕು ಪುಟ, ಅಪವಾದ ಐದು ಪುಟ. ಇದನ್ನು ಹಿಡಿದು ಯಾವ ಅಧಿಕಾರಿಯ ಮುಂದೆ ನಿಲ್ಲಲಿ? ಇನ್ನೂ ಗೆದ್ದಲು ತಿಂದ ಡ್ರಾಯರಿನ ಪುಸ್ತಕಗಳು ಒಂದಿಡೀ ಮೂಲೆ ತುಂಬ ಬಿದ್ದಿದ್ದವು. ಅವಕ್ಕೆ ಚೀಟಿಯೇ ಇಲ್ಲ, ಎಲ್ಲದರ ಜಾಗ ಮೇಲ್ವಿಚಾರಕಿಗೂ ನೆನಪಿರಲಿಲ್ಲ, ನಿಯಮ ಸಿಗದೆ ಅವನ್ನು ಇಡಲು ಜಾಗವಿಲ್ಲ. ಅಧಿಕಾರಿ ಬರಲು ಹನ್ನೊಂದು ದಿನ ಉಳಿದಿತ್ತು.

“ಇದನ್ನೇಕೆ ಹೀಗಿಟ್ಟರು?” ಎಂದು ಮೇಲ್ವಿಚಾರಕಿಯನ್ನು ಕೇಳಿದೆ.

“ರೈಟರು ಹಂಗೇ ಇಡ್ತಿದ್ರು ಮೇಡಂ.”

“ಹಂಗೇ ಅನ್ನುವುದು ನಿಯಮವಲ್ಲ.”

“ನನಗೆ ಗೊತ್ತಿದ್ರೆ ಹೇಳ್ತಿರಲಿಲ್ವಾ? ಹನ್ನೆರಡು ವರ್ಷ ಆಯ್ತು, ಕಾಲ ಬದಲಾದಾಗ ಬಾಗಿಲ ಪಕ್ಕದ ಕಪಾಟಿನ ಅಟ್ಟನೂ ಬದಲಾಯಿಸ್ತೇನೆ. ಮಳೆ ಬಿದ್ದ ಕೂಡ್ಲೇ ಮಳೆ ಅಟ್ಟ ಎದೆ ಮಟ್ಟಕ್ಕೆ ತರ್ಬೇಕು. ಕೊಯ್ಲಿಗೆ ಅದು ಕೆಳಗೆ, ಕೊಯ್ಲಿಂದು ಮೇಲೆ. ಎಂತಕ್ಕೆ ಅಂತ ನಾನೂ ಕೇಳಲಿಲ್ಲ, ಅವ್ರೂ ಹೇಳಲಿಲ್ಲ.”

“ಅಟ್ಟ ಬದಲಾಯಿಸುತ್ತೀಯಾ? ಇಷ್ಟು ದಿನ ಯಾಕೆ ಹೇಳಲಿಲ್ಲ?”

“ನೀವು ಚೀಟಿ ಬಗ್ಗೆ ಕೇಳಿದ್ರಿ. ಅಟ್ಟದ ಬಗ್ಗೆ ಕೇಳಲಿಲ್ಲ.”

ನಾನು ಹೊರಗೆ ಹೋಗಿ ಜಗಲಿಯ ಮೇಲೆ ನಿಂತೆ. ನಾಲ್ಕು ಗಂಟೆ; ಓದುಗರಿಗೆ ಬಾಗಿಲು ತೆರೆಯುವ ಹೊತ್ತು. ಮೇಸ್ತ್ರಿ ಕಣದಿಂದ ಕೈ ತೊಳೆದುಕೊಂಡು ಬಂದರು. ಒಳಗೆ ಹೋಗಿ, ಗೆದ್ದಲಿನ ಮೂಲೆಯ ರಾಶಿಯನ್ನು ತಾವೇ ಕೈಯಾಡಿಸಿ, ಸುಟ್ಟ ಗಾಯಕ್ಕೆ ಏನು ಮಾಡಬೇಕೆಂಬ ಒಂದು ತೆಳು ಪುಸ್ತಕವನ್ನು ಎತ್ತಿ, ಬಾಗಿಲ ಪಕ್ಕದ ಕಪಾಟಿನ ಬೇಸಿಗೆಯ ಅಟ್ಟದಲ್ಲಿ ಇಟ್ಟುಬಿಟ್ಟರು.

“ಯಾರು ಹೇಳಿದರು ನಿಮಗೆ ಅಲ್ಲಿಡಲು?”

ಅವರು ಬೆಚ್ಚಿದರು. “ಇದು ಇಲ್ಲೇ ಇದ್ದಿದ್ದಲ್ವಾ ಮೇಡಂ?”

“ಯಾಕೆ ಇಲ್ಲೇ? ಮನುಷ್ಯನ ಕಪಾಟಿನಲ್ಲಿ ಕಾಯಿಲೆಗಳ ಹತ್ತಿರ ಯಾಕಿಲ್ಲ?”

“ಮನುಷ್ಯನ ಕಪಾಟು ಅಷ್ಟು ಒಳಗುಂಟು.” ಅವರು ನನ್ನನ್ನು ಸಣ್ಣ ಮಗುವನ್ನು ನೋಡಿದ ಹಾಗೆ ನೋಡಿದರು. “ಕೈ ಸುಟ್ಕೊಂಡು ಬಂದೋರು ಅಲ್ಲಿತನಕ ಹೋಗಿ ಹುಡುಕ್ತಾರಾ? ಇದು ಗಾಬರಿ ಕಪಾಟು ಮೇಡಂ. ನನ್ನ ತಮ್ಮ ಒಂದು ಮಳೆಗಾಲ ಕಾಡಣಬೆ ತಿಂದು ವಾಂತಿ ಮಾಡ್ತಾ ಬಿದ್ದಿದ್ದ. ಸೇತುವೆ ಮೇಲೆ ನೀರು, ಜೀಪು ಇಲ್ಲ. ನಾನು ಓಡಿ ಬಂದೆ. ರೈಟರು ಎದ್ದೇಳಲೂ ಇಲ್ಲ, ಕೂತಲ್ಲಿಂದ್ಲೇ, ಎದೆ ಮಟ್ಟದ ಅಟ್ಟ ನೋಡು ಅಂದ್ರು. ಒಂದಿಪ್ಪತ್ತು ಪುಸ್ತಕ ಅಷ್ಟೇ ಆ ಅಟ್ಟದಲ್ಲಿ. ಆ ಕಾಲಕ್ಕೆ ಏನೇನು ಆಗ್ತದೋ ಅಷ್ಟೇ. ಅಣಬೆದು ಕೂಡ್ಲೇ ಸಿಕ್ತು. ಆಗಿನ್ನೂ ನನಗೆ ಕೂಡಿಸಿ ಕೂಡಿಸಿ ಓದೋಕೆ ಬರ್ತಿತ್ತು, ಅಷ್ಟೇ.”

“ತಮ್ಮ?”

“ಉಳ್ಕೊಂಡ. ಈಗ ಕಳಸದಲ್ಲಿ ಅಂಗಡಿ ಇಟ್ಕೊಂಡಿದ್ದಾನೆ, ಬರೀ ಜಗಳಗಂಟ.”

ಮೇಲ್ವಿಚಾರಕಿ ಚೀಟಿಗಳ ಡ್ರಾಯರ್ ಎಳೆದಳು. ಕಾಲ ಮೊದಲು ಬರೆದ ಚೀಟಿಗಳನ್ನು ಒಂದೊಂದಾಗಿ ಹೊರತೆಗೆದು ಮೇಜಿನ ಮೇಲೆ ಹರಡಿದಳು. ನಾನಿನ್ನೂ ಸ್ವಚ್ಛ ಮಾಡದಿದ್ದ ಪ್ರತಿಯೊಂದರ ಮೇಲೂ, ಮೊದಲ ಪದದ ಮುಂದೆ, ಒಂದೇ ಅಳತೆಯ ಕಪ್ಪು ಚುಕ್ಕೆ. ನೊಣ ಅಷ್ಟು ನಿಯಮಬದ್ಧವಾಗಿ ಕೂರುವುದಿಲ್ಲ ಎಂಬುದು ನನಗೆ ಒಂದು ವಾರ ಮೊದಲೇ ಹೊಳೆಯಬೇಕಿತ್ತು.

ಅಧ್ಯಾಪಕಿಯಂತೆ ಬೈಯಲು ಈಗ ಅಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಕೆರೆದ ಚೀಟಿಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬ್ಲೇಡು ತಾಗಿದ ಜಾಗ ಒರಟಾಗಿ ಕಾಣುತ್ತಿತ್ತು. ಎರಡು ದಿನ ಕೂತು ಒಂದೊಂದನ್ನೂ ಹಾಗೆ ಹಿಡಿದು ನೋಡಿ, ಕೆರೆದಲ್ಲೆಲ್ಲ ಮತ್ತೆ ಚುಕ್ಕೆ ಇಟ್ಟೆ. ಮೇಸ್ತ್ರಿ ದಾಟಿಹೋಗುವಾಗ ಇಣುಕಿ, “ಎಂತ ಮೇಡಂ, ಪುನಃ ಗಲೀಜು ಮಾಡ್ತಿದ್ದೀರಿ?” ಎಂದರು. ನಾನು ಮುಂದಿನ ಚೀಟಿ ಎತ್ತಿಕೊಂಡೆ.

ಅಪವಾದದ ಐದು ಪುಟಗಳನ್ನು ಹರಿದೆ. ನಿಯಮವನ್ನು ಮೊದಲಿನಿಂದ ಬರೆದೆ. ಮೊದಲ ನಿಯಮ ಪುಸ್ತಕದ ವಿಷಯದ ಬಗ್ಗೆ ಅಲ್ಲವೇ ಅಲ್ಲ: ಈ ಪುಸ್ತಕ ಕೇಳಿಕೊಂಡು ಬರುವವರು ಹೇಗೆ ಬರುತ್ತಾರೆ ಎಂದು ಮೊದಲು ಯೋಚಿಸಿ. ಗಾಬರಿಯಿಂದ ಬರುವವರ ಪುಸ್ತಕಕ್ಕೆ ಚುಕ್ಕೆ ಇಟ್ಟು, ಅಪಾಯ ಯಾವ ಕಾಲದಲ್ಲಿ ಹೆಚ್ಚೋ ಆ ಕಾಲವನ್ನು ಮೊದಲು ಬರೆದು, ಬಾಗಿಲ ಪಕ್ಕ ಇಡಿ. ಬಿಡುವಿನಲ್ಲಿ ಬರುವವರ ಪುಸ್ತಕಕ್ಕೆ ವಸ್ತು ಮೊದಲು. ಇದಾದ ಮೇಲೆ ಉಳಿದದ್ದೆಲ್ಲ ಸಲೀಸಾಗಿ ಕೂತಿತು. ಹಾವು ಕಚ್ಚಿದವರ ಕಡೆಯವರು ಒಂದು ಪುಸ್ತಕಕ್ಕೆ, ಹಾವಿನ ಬಣ್ಣ ನೋಡುವ ಶಾಲೆಯ ಮಕ್ಕಳು ಇನ್ನೊಂದಕ್ಕೆ. ಒಟ್ಟು ಹನ್ನೊಂದು ಪುಟ. ಪ್ರತಿ ನಿಯಮದ ಕೆಳಗೆ ಒಂದು ಉದಾಹರಣೆ. ಗೆದ್ದಲಿನ ಮೂಲೆಯ ಪುಸ್ತಕಗಳಿಗೆ ಅದನ್ನು ಹಿಡಿದೇ ಜಾಗ ಹುಡುಕಿದೆವು. ಒಂದೊಂದಕ್ಕೂ ಮೇಲ್ವಿಚಾರಕಿಯೂ ನಾನೂ ಬೇರೆ ಬೇರೆ ಬರೆದು ಹೋಲಿಸಿದೆವು. ಹೊಂದದಿದ್ದಾಗ ಅವಳನ್ನು ತಿದ್ದದೆ ನಿಯಮದ ವಾಕ್ಯವನ್ನು ತಿದ್ದಿದೆ. ಇದು ನನಗೆ ಸುಲಭವಾಗಿರಲಿಲ್ಲ.

ಶಿಬಿರದಲ್ಲಿ ರೈಟರು ಕೇಳಿದ ಪ್ರಶ್ನೆಗೆ ನಾನು ಸಂಖ್ಯೆ ಹೇಳಿದ್ದು ಆ ದಿನಗಳಲ್ಲಿ ಒಂದೆರಡು ಸಲ ನೆನಪಾಯಿತು. ಅವರು ಕೇಳಿದ್ದು, ಬಂದವನನ್ನು ಎಲ್ಲಿಗೆ ಕಳಿಸುತ್ತೀರಿ ಎಂದು. ಅದನ್ನು ಅವರು ಆಗಲೇ ಬಿಡಿಸಿ ಹೇಳಿದ್ದರೆ ನನ್ನ ಐದು ವಾರ ಉಳಿಯುತ್ತಿತ್ತು ಎಂಬ ಸಿಟ್ಟು ಮಾತ್ರ ಹೋಗಲಿಲ್ಲ.

ಅಧಿಕಾರಿ ಹೇಳಿದ ದಿನವೇ ಬಂದರು. ಹೇಳಿದ ಸಮಯಕ್ಕೆ ಬರಲಿಲ್ಲ, ಒಂದೂವರೆ ಗಂಟೆ ತಡ. ಕಪಾಟು ಸುತ್ತಿ ನೋಡಿದರು. ಕೈಚೀಲದಿಂದ ಮೂರು ಹೊಸ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ನಾನು ಕುರ್ಚಿ ಎಳೆದುಕೊಂಡೆ.

“ನೀವಲ್ಲ ಮೇಡಂ. ನೀವು ಬರೆದವರು. ಅವ್ರು ಮಾಡಲಿ. ನೀವು ಮಾತಾಡಬಾರದು.”

ಮೇಲ್ವಿಚಾರಕಿ ನನ್ನ ಹನ್ನೊಂದು ಪುಟವನ್ನು ಎದುರಿಗಿಟ್ಟುಕೊಂಡು ಕೂತಳು. ಮೊದಲನೆಯದು ಕಥೆಗಳು; ಸುಲಭ. ಎರಡನೆಯದು ಬೆಣ್ಣೆಹಣ್ಣು ಬೆಳೆಯುವ ವಿಧಾನ. ವಸ್ತು ಮೊದಲು, ಬೆಳೆಸುವುದು, ಮಳೆ. ನಾನು ಮನಸ್ಸಿನಲ್ಲೇ ಸರಿ ಎಂದೆ. ಮೂರನೆಯದು ಕಾಡಾನೆ. ದಪ್ಪ ರಟ್ಟು, ಬಣ್ಣದ ಚಿತ್ರ. ಆನೆಯ ಸಂಸಾರ, ಅದರ ನೆನಪು, ಅದು ನಡೆಯುವ ದಾರಿ, ಕಿವಿ ಬೀಸಿದರೆ ಏನರ್ಥ ಎಂದೆಲ್ಲ ಒಬ್ಬ ವಿಜ್ಞಾನಿ ಬರೆದದ್ದು. ನನಗೆ ಯಾವ ಅನುಮಾನವೂ ಇರಲಿಲ್ಲ. ಹಾವಿನ ಬಣ್ಣದ ಪುಸ್ತಕದ ಜೋಡಿ. ಆನೆ, ಜೀವನ, ಎಲ್ಲ ಕಾಲ. ಒಳಗಿನ ಕಪಾಟು.

ಅವಳು ಆನೆಯ ಪುಸ್ತಕದ ಹಾಳೆ ತಿರುವಿದಳು. ಆಮೇಲೆ ನನ್ನ ಪುಸ್ತಿಕೆಯಲ್ಲಿ ಮುಂದಕ್ಕೆ ಹೋಗದೆ ಮತ್ತೆ ಮೊದಲ ಪುಟಕ್ಕೆ ಬಂದಳು. ಪೆನ್ನು ತೆಗೆದು, ಚೀಟಿಯ ಮೇಲೆ ಒಂದು ಚುಕ್ಕೆ ಇಟ್ಟಳು. ನನ್ನ ಬಾಯಿಗೆ ಮಾತು ಬಂತು. ಅಧಿಕಾರಿ ನನ್ನ ಕಡೆ ನೋಡಿದರು. ಕೈ ಕಟ್ಟಿ ಕೂತೆ. ಹೋಯಿತು, ಎಂದುಕೊಂಡೆ. ಹನ್ನೆರಡು ವರ್ಷ ಅವಳೇ ನಡೆಸಿದ ಕೋಣೆಗೆ ಅವಳೇ ಲಾರಿ ಕರೆಸುತ್ತಿದ್ದಾಳೆ. ಅವಳು ಬರೆದಳು: ಕೊಯ್ಲು, ಆನೆ, ಎದುರಾಗುವುದು. ಎದ್ದು ಹೋಗಿ ಬಾಗಿಲ ಪಕ್ಕದ ಕಪಾಟಿನಲ್ಲಿ, ಎದೆ ಮಟ್ಟದ ಅಟ್ಟದಲ್ಲಿ ಪುಸ್ತಕ ಇಟ್ಟಳು.

“ಇದು ಪ್ರಾಣಿಶಾಸ್ತ್ರ ಅಲ್ವಾ?” ಎಂದರು ಅಧಿಕಾರಿ. “ಚಿತ್ರದ ಪುಸ್ತಕ. ಕೂತು ಓದುವಂಥದ್ದು. ಆ ಕಪಾಟಿಗೆ ಯಾಕೆ ಹೋಯ್ತು? ಪುಸ್ತಿಕೆಯಲ್ಲಿ ಎಲ್ಲಿದೆ ತೋರಿಸಿ.”

ಅವಳು ಮೊದಲ ನಿಯಮದ ಮೇಲೆ ಬೆರಳಿಟ್ಟಳು. “ಬರೋರು ಹೇಗೆ ಬರ್ತಾರೆ ಅಂತ ಮೊದ್ಲು ಯೋಚಿಸಿ ಅಂತ ಬರ್ದಿದ್ದಾರೆ ಸರ್. ಬೆಳಿಗ್ಗೆ ಆರಕ್ಕೆ ಹೆಂಗಸ್ರು ಹಣ್ಣು ಕೊಯ್ಯೋಕೆ ತೋಟಕ್ಕೆ ಇಳೀತಾರೆ. ಆನೆ ಅಲ್ಲೇ ನಿಂತಿರ್ತದೆ. ಕಿವಿ ಬೀಸಿದ್ರೆ ಓಡಬೇಕಾ, ನಿಲ್ಬೇಕಾ ಅಂತ ಇದ್ರಲ್ಲಿ ಉಂಟು, ಈಗ ಹಾಳೆ ತಿರುವಿದಾಗ ನೋಡಿದೆ. ಬಿಡುವಲ್ಲಿ ಕೂತು ಆನೆ ಬಗ್ಗೆ ಕೇಳೋರು ಈ ಊರಲ್ಲಿ ಯಾರೂ ಇಲ್ಲ ಸರ್.”

ಅಧಿಕಾರಿ ನನ್ನ ಕಡೆ ತಿರುಗಿದರು. “ನೀವು ಎಲ್ಲಿಡ್ತಿದ್ರಿ ಮೇಡಂ? ಈಗ ಮಾತಾಡಬಹುದು.”

“ಒಳಗಿನ ಕಪಾಟಿನಲ್ಲಿ,” ಎಂದೆ. ಆಮೇಲೆ ಹೇಳಿದೆ: “ಅವಳು ಇಟ್ಟದ್ದು ಸರಿ. ನಿಯಮ ನಾನು ಬರೆದೆ, ಓದಿದ್ದು ಅವಳು.”

ಅವರು ಬಾಗಿಲ ಹತ್ತಿರ ಹೋಗಿ ಪುಸ್ತಕ ತೆಗೆದು, ಆ ಹಾಳೆ ಹುಡುಕಿ, ನಿಂತಲ್ಲೇ ಎರಡು ಪುಟ ಓದಿದರು. ವಾಪಸು ಅದೇ ಜಾಗದಲ್ಲಿಟ್ಟರು. ಪ್ರಸ್ತಾವದ ಕಡತ ತೆರೆದು, ಗ್ರಂಥಾಲಯವನ್ನು ಇದ್ದಲ್ಲಿಯೇ ಮುಂದುವರಿಸಬಹುದು, ಪುಸ್ತಿಕೆಯ ಒಂದು ಪ್ರತಿಯನ್ನು ಕಚೇರಿಗೆ ಕಳಿಸತಕ್ಕದ್ದು ಎಂದು ಬರೆದು ಸಹಿ ಹಾಕಿದರು. ಸೋರುವ ಮಾಡಿನ ಬಗ್ಗೆ ಕೇಳಿದ್ದಕ್ಕೆ, ಅದು ಬೇರೆ ವಿಭಾಗ ಎಂದರು.

ಜೀಪು ಹೋದ ಮೇಲೆ ಮೇಲ್ವಿಚಾರಕಿ ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. “ನಿಮ್ಮ ಮುಖ ನೋಡಿ ನಂಗೆ ತಪ್ಪಾಯ್ತು ಅಂತ ಅನ್ನಿಸ್ತು ಮೇಡಂ. ಒರೆಸಿಬಿಡೋಣ ಅಂತಿದ್ದೆ.”

“ಯಾಕೆ ಒರೆಸಲಿಲ್ಲ?”

“ಪುಸ್ತಿಕೇಲಿ ನಿಮ್ಮ ಮುಖ ನೋಡಿ ಅಂತ ಬರ್ದಿಲ್ಲ.”

ಕಚೇರಿಗೆ ಕಳಿಸುವ ಪ್ರತಿಯನ್ನು ಅವತ್ತೇ ಶುದ್ಧವಾಗಿ ಬರೆಯಲು ಕೂತೆ. ಮೊದಲ ನಿಯಮದ ಕೆಳಗೆ ನಾನು ಕೊಟ್ಟಿದ್ದ ಉದಾಹರಣೆಯನ್ನು ಗೆರೆ ಎಳೆದು ಹೊಡೆದುಹಾಕಿ, ಆ ಜಾಗದಲ್ಲಿ ಬರೆದೆ: ಚುಕ್ಕೆ, ಕೊಯ್ಲು, ಆನೆ, ಎದುರಾಗುವುದು. ಪಕ್ಕದಲ್ಲಿ, ಇದನ್ನು ಇಟ್ಟವರು ಮೇಲ್ವಿಚಾರಕಿ, ಎಂದು ಸೇರಿಸಿದೆ.